ಕೊರಳಲ್ಲಿ ಎರಡು ಕರಡಿಗೆ

ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದೆ. ನನ್ನ ತವರು ಯರಗುಪ್ಪಿಯಿಂದ ಬಂದ ಗೋಣಿಚೀಲ. ಪ್ರತಿ ವರ್ಷ ಅಪ್ಪ ತಾನೇ ಹೊತ್ತು ತಂದು, ಕುಂದಗೋಳದ ನಮ್ಮ ಮನೆಯ ಪಡಸಾಲೆಯಲ್ಲಿ ಇಳಿಸಿ, "ಈ ಸಲದ ಬಣ್ಣ ನೋಡ ತಂಗಿ" ಅನ್ನುತ್ತಿದ್ದ. ನಮ್ಮ ಕಡೆ ಮಗಳನ್ನೂ ತಂಗಿ ಅಂತಲೇ ಕರೆಯುತ್ತಾರೆ. ಆ ವರ್ಷ ಮಾತ್ರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ್ದ. ನಮ್ಮ ಅತ್ತಿ, ಅಂದರೆ ನನ್ನ ಗಂಡನ ತಾಯಿ, "ಕೈಗೆ ಎಣ್ಣಿ ಹಚ್ಕೊಂಡು ಕುಂದ್ರ ನೀಲವ್ವ, ಆಮ್ಯಾಲ ಉರೀತಾವ" ಅಂದಿದ್ದರು. ನಾನು ಕೇಳಿರಲಿಲ್ಲ. ಅರ್ಧ ಗೋಣಿ ಮುಗಿದಿತ್ತು, ತಮ್ಮ ಬಸುವಿನ ಫೋನ್ ಬಂತು.

"ಅಕ್ಕಾ, ರಿಪೋರ್ಟ್ ಬಂದೈತಿ."

"ಏನಂತ?"

ಅವನ ಹಿಂದೆ ಯಾರದೋ ಹೆಸರು ಕೂಗುವುದು, ಯಾವುದೋ ಕೂಸು ಅಳುವುದು ಕೇಳಿಸುತ್ತಿತ್ತು.

"ಏ ಬಸು, ಏನಂತ ಹೇಳೋ."

"ಅದ ಅಂತ ಅಕ್ಕಾ. ಡಾಕ್ಟರು ಅದ ಐತಿ ಅಂದ್ರು."

ಅದು ಅಂದರೆ ಯಾವುದು ಅಂತ ನಾನು ಕೇಳಲಿಲ್ಲ. ನಮ್ಮಲ್ಲಿ ಆ ರೋಗದ ಹೆಸರು ಬಾಯಿಗೆ ತರುವುದಿಲ್ಲ. ಅಳು ಬಂತು, ಕಣ್ಣಿಗೆ ಕೈ ಒಯ್ಯುವುದರೊಳಗೆ ಅತ್ತಿ ನನ್ನ ಎರಡೂ ಮಣಿಕಟ್ಟು ಹಿಡಿದುಬಿಟ್ಟರು. "ಕೈ ಮುಟ್ಟಿಸಬ್ಯಾಡ, ಕಣ್ಣ ಹೋದಾವು" ಅಂತ ಬೈದು, ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು. ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ಅಷ್ಟು ವರ್ಷದಲ್ಲಿ ಅವರು ನನ್ನ ಮುಖ ಮುಟ್ಟಿದ್ದು ಅದೇ ಮೊದಲು. ಕೆಟ್ಟ ಸುದ್ದಿ ಬಂದ ಗಳಿಗೆಯಲ್ಲೇ ಶಿವ ಒಂದು ಸೆರಗನ್ನೂ ಕಳಿಸಿದ್ದ ಅಂತ ಈಗ ಅನಿಸುತ್ತದೆ. ಆವಾಗ ಹಾಗೇನೂ ಅನಿಸಲಿಲ್ಲ. ಕೈ ಉರಿಯುತ್ತಿತ್ತು, ಅಷ್ಟೇ.

ಅದಕ್ಕೂ ಹತ್ತು ದಿನ ಮೊದಲು ಅಪ್ಪನಿಗೆ ಒಂದಕ್ಕೆ ಹೋಗುವುದು ಪೂರ್ತಿ ಕಟ್ಟಿತ್ತು. ಹೊಟ್ಟೆ ಹಿಡಿದುಕೊಂಡು ಹೊರಳಾಡುವವನನ್ನು ಬಸು ಹುಬ್ಬಳ್ಳಿಗೆ ಒಯ್ದಿದ್ದ. ಅಲ್ಲಿ ನಳಿಗೆ ಹಾಕಿ, ಅದರ ತುದಿಗೆ ಚೀಲ ಕಟ್ಟಿ, ಪ್ರಾಸ್ಟೇಟ್ ಗಡ್ಡೆಯದೊಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದರು. ನಾನು ನೋಡಲು ಹೋದಾಗ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮಂಚಕ್ಕೆ ತೂಗುಹಾಕಿದ ಆ ಚೀಲದ ಮೇಲೆ ತನ್ನ ಟವೆಲ್ ಹೊದಿಸಿದ್ದ. ನಾನು ಬಂದದ್ದು ಗೊತ್ತಾಗಿಯೂ ಹೊರಳಲಿಲ್ಲ. "ಚಾ ಕುಡದ ಹೋಗ ತಂಗಿ" ಅಂತ ಗೋಡೆಗೇ ಹೇಳಿದ.

ಆ ದಿನ ದವಾಖಾನೆಯ ಮೆಟ್ಟಿಲ ಮೇಲೆ ಬಸು ಹೇಳಿದ ಮಾತು ನನ್ನ ಎದೆಯಲ್ಲಿ ಇವತ್ತಿಗೂ ಮುಳ್ಳಿನ ಹಾಗೆ ಉಳಿದಿದೆ.

ಎರಡು ವರ್ಷದಿಂದ ಅಪ್ಪ ನಮ್ಮ ಮನೆಗೆ ಬಂದರೆ ನಿಲ್ಲುತ್ತಿರಲಿಲ್ಲ. ಬಂದ, ಕೂತ, ಅರ್ಧ ತಾಸಿಗೆ "ಬಸ್ಸ ತಪ್ಪತೈತಿ" ಅಂತ ಎದ್ದ. ಒಂದು ಸಲ ಅವನಿಗಂತಲೇ ಹೋಳಿಗೆ ಮಾಡಿದ್ದೆ. ಎರಡನೇ ಹೋಳಿಗೆ ತಾಟಿಗೆ ಹಾಕುವಷ್ಟರಲ್ಲಿ ಎದ್ದೇ ಬಿಟ್ಟ. ನನಗೆ ಸಿಟ್ಟು ತಡೆಯಲಿಲ್ಲ. "ಮಗಳ ಮನಿ ಅನ್ನ ಗಂಟಲಾಗ ಇಳಿಯೂದಿಲ್ಲೇನ ನಿನಗ?" ಅಂದೆ. ಅಪ್ಪ ನಕ್ಕಂತೆ ಮಾಡಿ ಚಪ್ಪಲಿ ಮೆಟ್ಟಿದ. ಅದಾದ ಮೇಲೆ ಎರಡು ತಿಂಗಳು ನಾನು ಫೋನ್ ಮಾಡಲಿಲ್ಲ.

ನಮ್ಮ ಮನೆಯ ಪಾಯಖಾನೆ ಹಿತ್ತಲಲ್ಲಿದೆ. ಅಲ್ಲಿಗೆ ಹೋಗಲು ಪಡಸಾಲೆ ದಾಟಬೇಕು. ಪಡಸಾಲೆಯ ಬಾಗಿಲ ಬಾಜು ಅತ್ತಿಯ ಮಂಚ. ಬೀಗರ ಮನೆಯಲ್ಲಿ, ಬೀಗತಿಯ ಮುಂದೆ ತಾಸಿಗೆ ನಾಲ್ಕು ಸಲ ತಂಬಿಗೆ ಹಿಡಿದು ಓಡಾಡುವುದು ಅಪ್ಪನಂಥವನ ಕೈಲಿ ಆಗುವ ಕೆಲಸವಲ್ಲ.

"ನಿಮ್ಮ ಮನಿಗೆ ಬರೂ ದಿನ ಮುಂಜಾನಿಂದ ನೀರ ಕುಡೀತಿರಲಿಲ್ಲ ಅಕ್ಕಾ" ಅಂದ ಬಸು. "ಆದ್ರೂ ತಡೀತಿರಲಿಲ್ಲ. ನಿಮ್ಮಲ್ಲಿಂದ ಎದ್ದು ಬಸ್‌ಸ್ಟ್ಯಾಂಡ್ ಹಿಂದ ಓಡತಿದ್ದ. ನನಗೂ ಮೊನ್ನೆ ಡಾಕ್ಟರ್ ಮುಂದ ಹೇಳಿದಾಗ ಗೊತ್ತಾತು. ಮೆಣಸಿನಕಾಯಿ ಅದಕ್ಕ ಕಂಡಕ್ಟರ್ ಕೈಯಾಗ ಕೊಟ್ಟಾನ."

ಅಪ್ಪ ಬಾಯಾರಿಕೊಂಡು ನನ್ನನ್ನು ನೋಡಲು ಬರುತ್ತಿದ್ದ. ನಾನು ಅನ್ನದ ಮಾತಾಡಿ ಚುಚ್ಚಿದ್ದೆ. ನಿಮ್ಮ ಮನೆಯ ಹಿರಿಯರು ಪ್ರಯಾಣಕ್ಕೆ ಮೊದಲು ನೀರು ಕುಡಿಯುವುದನ್ನು ಬಿಡುತ್ತಿದ್ದರೆ, ಎಲ್ಲಿ ಹೋದರೂ ಕೂಡಲೇ ಏಳುತ್ತಿದ್ದರೆ, ಅದು ಸಿಟ್ಟು ಅಂತ ತಿಳಿಯಬೇಡಿ. ನಾಚಿಕೆ ಬಿಟ್ಟು ಕೇಳಿ. ನಾನು ಕೇಳಲಿಲ್ಲ.

ರಿಪೋರ್ಟ್ ಬಂದ ಮೇಲೆ ಸ್ಕ್ಯಾನು, ಮತ್ತೊಂದು ಸ್ಕ್ಯಾನು, ಡಾಕ್ಟರ ಭೇಟಿ ಅಂತ ಮೂರು ದಿನಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಬೇಕಾಯಿತು. ಬಸುವಿಗೆ ಕಡಲೆ ರಾಶಿಯ ಕೆಲಸ. ಅವ್ವ ಹೋಗಿ ಆರು ವರ್ಷವಾಗಿತ್ತು. ಕುಂದಗೋಳದಿಂದ ರೈಲಿದೆ, ಅಪ್ಪ ನಮ್ಮಲ್ಲೇ ಇರಲಿ, ನಾನು ಕರೆದುಕೊಂಡು ಹೋಗುತ್ತೇನೆ ಅಂದೆ. ಅಪ್ಪ ಒಪ್ಪಲಿಲ್ಲ. ಕೊನೆಗೆ ಅತ್ತಿಯೇ ನನ್ನ ಕೈಯಿಂದ ಫೋನ್ ಕಸಿದುಕೊಂಡರು.

"ಬೀಗರ, ಮೂರು ವರ್ಷ ಹಾಸಿಗಿ ಹಿಡದ ನಮ್ಮ ಅತ್ತಿದು ಎಲ್ಲಾ ಬಳದಾಕಿ ನಾ. ನಿಮ್ಮ ಒಂದ ಚೀಲಕ್ಕ ಅಂಜತೀನಿ ಅಂತ ತಿಳಕೊಂಡೀರೇನ? ಸುಮ್ಮ ಬರ್ರಿ."

ಅಪ್ಪ ಬಂದ. ಅವನು ಬರುವ ಹೊತ್ತಿಗೆ ಪಡಸಾಲೆಯಲ್ಲಿ ಅತ್ತಿಯ ಮಂಚ ಇರಲಿಲ್ಲ. ಮೂವತ್ತು ವರ್ಷ ಅಲ್ಲಾಡದೆ ಇದ್ದ ಮಂಚವನ್ನು ನನ್ನ ಗಂಡನ ಕೈಲಿ ಎತ್ತಿಸಿ ಒಳಗಿನ ಕೋಣೆಗೆ ಹಾಕಿಸಿದ್ದರು. ಯಾಕಂತ ಯಾರಿಗೂ ಹೇಳಲಿಲ್ಲ. "ಅಲ್ಲೆ ಗಾಳಿ ಬಾಳ" ಅಂದರು, ಅಷ್ಟೇ.

ನಾವು ಲಿಂಗವಂತರು. ಓದುವವರಲ್ಲಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹುಟ್ಟಿದ ಕೂಸಿಗೇ ನಮ್ಮಲ್ಲಿ ಲಿಂಗ ಕಟ್ಟುತ್ತಾರೆ. ಬೆಳ್ಳಿಯ ಕರಡಿಗೆಯೊಳಗೆ ಇಟ್ಟು, ದಾರ ಹಾಕಿ, ಕೊರಳಲ್ಲಿ ಎದೆಗೆ ತಾಗುವಂತೆ ಕಟ್ಟಿಕೊಳ್ಳುತ್ತೇವೆ. ಗಂಡಸರಿಗೂ ಹೆಂಗಸರಿಗೂ ಅದು ಮೈಬಿಟ್ಟು ಹೋಗಬಾರದು. ಅಪ್ಪ ದಿನಾ ಜಳಕ ಮಾಡಿ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿದ ಮೇಲೇ ಬಾಯಿಗೆ ನೀರು ಹಾಕುವವನು. ಹೊಲಕ್ಕೆ ಹೋಗುವಾಗಲೂ, ಅವ್ವ ಸತ್ತ ದಿನವೂ ತಪ್ಪಿಸಿರಲಿಲ್ಲ.

ದೊಡ್ಡ ಸ್ಕ್ಯಾನಿನ ದಿನ ಒಳಗಿನಿಂದ ಒಬ್ಬ ಹುಡುಗಿ ಬಂದು, "ಅಜ್ಜಾರ, ಮೈಮ್ಯಾಲ ಬೆಳ್ಳಿ, ಬಂಗಾರ, ಕಬ್ಬಣ ಏನೂ ಇರಬಾರದ್ರಿ" ಅಂದಳು. ಅಪ್ಪ ಜಗಳ ತೆಗೆಯುತ್ತಾನೆ ಅಂತ ನನಗೆ ಖಾತ್ರಿ. ನಾನು ಮೊದಲೇ ಯೋಚಿಸಿಕೊಂಡು ಹೋಗಿದ್ದೆ. ಬೆಳ್ಳಿ ಕರಡಿಗೆ ನನ್ನ ಕೈಯಲ್ಲಿ ಇಟ್ಟುಕೊಳ್ಳುವುದು, ಒಳಗಿನ ಲಿಂಗವನ್ನು ಬರೀ ಅರಿವೆಯಲ್ಲಿ ಸುತ್ತಿ ಅವನ ತೋಳಿಗೆ ಕಟ್ಟುವುದು. ಬಿಳಿ ಅರಿವೆಯನ್ನೂ ಹರಿದು ತಂದಿದ್ದೆ. ಕೇಳಿದರೆ ಆ ಹುಡುಗಿ "ಅರಿವ್ಯಾಗ ಆದ್ರ ನಡೀತೈತ್ರಿ, ಮಂದಿ ಹಂಗ ಮಾಡ್ತಾರ" ಅಂತ ಒಪ್ಪಿಯೂ ಒಪ್ಪಿದಳು.

ನಾನು ಅರಿವೆ ಬಿಚ್ಚುತ್ತಿದ್ದೆ. ಅಷ್ಟರಲ್ಲಿ ಅಪ್ಪ ತಲೆ ಬಗ್ಗಿಸಿ, ಕೊರಳಿನ ದಾರ ತೆಗೆದು, ಕರಡಿಗೆಯನ್ನು ಲಿಂಗದ ಸಮೇತ ನನ್ನ ಅಂಗೈಯಲ್ಲಿ ಇಟ್ಟುಬಿಟ್ಟ. ಚೀಲ ಎತ್ತಿಕೊಂಡು ಒಳಗೆ ಹೋದ.

ಹೊರಗೆ ಬಂದ ಮೇಲೆ ನಾನು ಕೈ ಮುಂದೆ ಚಾಚಿದೆ.

"ಇರಲಿ ತಂಗಿ, ನಿನ್ನ ಕಡೆ ಇರಲಿ."

"ಯಾಕ ಯಪ್ಪಾ?"

ಅವನು ತನ್ನ ಕಾಲ ಬಾಜು ತೂಗುತ್ತಿದ್ದ ಚೀಲ ನೋಡಿದ. "ಇದನ್ನ ಕಟ್ಕೊಂಡ ಮೈ ಮ್ಯಾಲ ಅದು ಬ್ಯಾಡ. ಇಪ್ಪತ್ತನಾಕ ತಾಸು ಹನಿ ಬೀಳತೈತಿ. ಜಳಕ ಮಾಡಿದ್ರೂ ಮೈಲಿಗಿ, ಮಾಡದಿದ್ರೂ ಮೈಲಿಗಿ. ನೀ ಹಾಕ್ಕೊ."

ಅಷ್ಟು ಮಂದಿಯ ನಡುವೆ ನಾನು ಏನು ಹೇಳಲಿ? ಲಿಂಗವನ್ನು ಪರ್ಸಿನಲ್ಲಿ ಇಡುವ ಹಾಗಿಲ್ಲ, ಮಂದಿ ಕೂಡುವ ಬಾಕಿನ ಮೇಲೆ ಇಡುವ ಹಾಗಿಲ್ಲ. ಸೆರಗಿನೊಳಗೆ ಕೈ ಹಾಕಿ ನನ್ನ ಕೊರಳಿಗೇ ಕಟ್ಟಿಕೊಂಡೆ. ನನ್ನದರ ಕೆಳಗೆ ಅವನದು. ಶಾಸ್ತ್ರದಲ್ಲಿ ಹಾಗೆ ಮಾಡಬಹುದೋ ಬಾರದೋ ನನಗೆ ಗೊತ್ತಿಲ್ಲ. ನಡೆದಾಗ ಎರಡೂ ಒಂದಕ್ಕೊಂದು ಬಡಿದು ಸಣ್ಣಗೆ ಸದ್ದು ಮಾಡುತ್ತಿದ್ದವು. ರೈಲಿನಲ್ಲಿ ಅಪ್ಪ ಆ ಸದ್ದು ಕೇಳಿ ಕಿಟಕಿಯ ಕಡೆ ಮುಖ ತಿರುಗಿಸಿದ.

ಡಾಕ್ಟರು ಹೇಳಿದ ರೋಗಕ್ಕಿಂತ ನನಗೆ ಆ ದಿನಗಳಲ್ಲಿ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಇದು. ಪೂಜೆ ಬಿಟ್ಟ ಅಪ್ಪನಿಗೆ ಊಟ ಹೋಗಲಿಲ್ಲ. ಪೂಜೆಯಿಲ್ಲದೆ ಉಂಡು ಗೊತ್ತಿಲ್ಲದ ಬಾಯಿ. "ಗುಳಿಗಿ ಖಾಲಿ ಹೊಟ್ಟಿಗೆ ತಗೋಬಾರದಂತ" ಅಂತ ಬೈದರೆ ಅರ್ಧ ರೊಟ್ಟಿ ಮುರಿದು, ಹಾಲಲ್ಲಿ ಅದ್ದಿ, ಔಷಧದ ಹಾಗೆ ನುಂಗುತ್ತಿದ್ದ. ಹದಿನೈದು ದಿನದಲ್ಲಿ ಅಂಗಿ ಜೋಲಾಯಿತು. ಚೀಲವನ್ನು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕ್ಯಾರಿಬ್ಯಾಗಿನಲ್ಲಿ ಇಟ್ಟುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಯಾರಾದರೂ ಬಂದರೆ ಪೇಟೆಗೆ ಹೋಗಿ ಬಂದವರ ಹಾಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ.

ಒಂದು ದಿನ ಚೀಲ ಖಾಲಿ ಮಾಡುವಾಗ ಅವನ ಕೈ ಜಾರಿ ಬಚ್ಚಲ ತುಂಬ ಚೆಲ್ಲಿತು. ನಾನು ಒರೆಸಲು ಹೋದರೆ ಬಾಗಿಲಿಗೆ ಅಡ್ಡ ನಿಂತ. "ನೀ ಬರಬ್ಯಾಡ. ನೀ ಬರಬ್ಯಾಡ ತಂಗಿ." ಹಿಂದಿನಿಂದ ಅತ್ತಿ ಬಂದು ಒಂದು ಕೊಡ ನೀರು ಸುರುವಿ, "ಬೀಗರ, ಬಚ್ಚಲ ಇರೂದ ಇದಕ್ಕ. ದೇವರಮನಿಯೊಳಗ ಚೆಲ್ಲಿದ್ರ ಆವಾಗ ಮಾತಾಡೂಣು" ಅಂದರು. ಅಪ್ಪ ನಗಲಿಲ್ಲ. ನಾನು ಒಲೆ ಮುಂದೆ ಬಂದು ಕೂತು ಅತ್ತೆ.

ಮಠದ ಅಜ್ಜಾರಿಗೆ, ಅಂದರೆ ನಮ್ಮ ಸ್ವಾಮಿಗಳಿಗೆ, ಹೇಳಿಕಳಿಸಿದೆ. ದೊಡ್ಡವರು, ನಾವು ಕರೆದಾಗ ಇಲ್ಲ ಅನ್ನದೆ ಮನೆಗೇ ಬಂದರು. ಅಪ್ಪನ ತಲೆಯ ಮೇಲೆ ಕೈಯಿಟ್ಟು, "ಲಿಂಗ ಕಟ್ಟಿದ ಮೈಗೆ ಸೂತಕ ಇಲ್ಲಪ್ಪಾ. ಹಡದ ಬಾಣಂತಿಗೇ ಇಲ್ಲ, ನಿನಗೆಲ್ಲಿದು ಬಂತು? ಹಾಕ್ಕೊ, ಪೂಜಾ ಮಾಡು" ಅಂದರು.

"ಹೌದ್ರಿ ಬುದ್ಧಿ" ಅಂದ ಅಪ್ಪ. ಪಾದಕ್ಕೆ ಬಿದ್ದ. ಅವರು ಹೋದ ಮೇಲೆ ನಾನು ಕೊರಳಿನ ದಾರಕ್ಕೆ ಕೈ ಹಾಕಿದೆ. ಅಪ್ಪ ತಲೆ ಅಲ್ಲಾಡಿಸಿದ.

"ಅಜ್ಜಾರು ಹೇಳಿದ್ರಲ್ಲಪಾ."

"ಅಜ್ಜಾರಿಗೆ ಚೀಲ ಇಲ್ಲಲ್ಲ ತಂಗಿ."

ಬೆಳಿಗ್ಗೆ ಪೂಜೆಗೆ ಕೂತಾಗ ಎರಡೂ ಲಿಂಗಕ್ಕೆ ನಾನೇ ವಿಭೂತಿ ಹಚ್ಚುತ್ತಿದ್ದೆ, ಎರಡಕ್ಕೂ ಪತ್ರಿ ಏರಿಸುತ್ತಿದ್ದೆ. ನನ್ನ ಲಿಂಗಕ್ಕೆ ಏನೂ ಬೇಡುತ್ತಿರಲಿಲ್ಲ. ಅವನದಕ್ಕೆ ಬೇಡುತ್ತಿದ್ದೆ. ಅವನನ್ನು ಬದುಕಿಸು ಅಂತ ಅಲ್ಲ. ಅವನು ನಿನ್ನನ್ನು ಬಿಟ್ಟು ಹೋಗುವ ಹಾಗೆ ಮಾಡಬೇಡ, ಅಂತ.

ಸ್ಕ್ಯಾನಿನ ಫಲ ಕೇಳುವ ದಿನ ಬಸುವೂ ಬಂದಿದ್ದ. ಅಪ್ಪನನ್ನು ಹೊರಗೆ ಬಾಕಿನ ಮೇಲೆ ಕೂಡಿಸಿ ನಾವಿಬ್ಬರೇ ಒಳಗೆ ಹೋದೆವು. ಡಾಕ್ಟರು ಸಣ್ಣ ವಯಸ್ಸಿನವರು. ಅವಸರ ಮಾಡಲಿಲ್ಲ, ನಾವು ಕೂಡುವವರೆಗೆ ಕಾದರು. ಸೊಂಟದ ಎಲುಬಿಗೆ, ಬೆನ್ನಿನ ಎಲುಬಿಗೆ ಹಬ್ಬಿದೆ ಅಂದರು. ಪೂರ್ತಿ ತೆಗೆಯುವ ಹಾಗಿಲ್ಲ, ಮೂರು ತಿಂಗಳಿಗೊಂದು ಇಂಜೆಕ್ಷನ್, ದಿನಾ ಗುಳಿಗೆ, ಹತೋಟಿಯಲ್ಲಿ ಇಡಬಹುದು. ಎಷ್ಟು ದಿನ ಅಂತ ಬಸು ಕೇಳಿದ. "ಕೆಲವರು ವರ್ಷಗಟ್ಲೆ ಚಲೋ ಇರ್ತಾರ್ರಿ. ನಿಮ್ಮ ತಂದಿ ಅದರಾಗ ಒಬ್ಬರು ಅಂತ ಹಿಡಕೊಂಡ ನಡಿಯೂಣು. ಆದ್ರ ಅವರು ಉಣ್ಣಬೇಕು. ಹಿಂಗ ಸೊರಗಿದ್ರ ನನ್ನ ಔಷಧ ಕೆಲಸ ಮಾಡೂದಿಲ್ಲ" ಅಂದರು.

ಹೊರಗೆ ಬರುವ ಮೊದಲು ನಾವು ಅಕ್ಕ ತಮ್ಮ ಬಾಗಿಲ ಹಿಂದೆ ನಿಂತು ಮಾತು ಹೊಂದಿಸಿಕೊಂಡೆವು. ಗಡ್ಡೆ ಐತಿ, ಇಂಜೆಕ್ಷನ್‌ಗೆ ಕರಗತೈತಿ, ಅಂತ ಹೇಳುವುದು. ಬಸು ಹೇಳಿದ. ಅಪ್ಪ ಪೂರ್ತಿ ಕೇಳಿಸಿಕೊಂಡ. ಆಮೇಲೆ ಗದ್ದ ಎತ್ತಿ ಎದುರಿನ ಗೋಡೆ ತೋರಿಸಿದ. ಅಲ್ಲಿ ಕನ್ನಡದಲ್ಲಿ, ಮೊಳದುದ್ದದ ಅಕ್ಷರದಲ್ಲಿ, ಕ್ಯಾನ್ಸರ್ ವಿಭಾಗ ಅಂತ ಬರೆದಿತ್ತು.

"ನಾಕನೇ ಇಯತ್ತೆ ಓದೀನಲೇ ಬಸ್ಯಾ. ಬೋರ್ಡ್ ಓದಾಕ ಬರ್ತೈತಿ ನನಗ. ಮೂರು ವಾರದಿಂದ ಇದರ ಕೆಳಗ ಕುಂತೀನಿ."

ಬಸು ಮೂಲೆಗೆ ಹೋಗಿ ಗೋಡೆಗೆ ತಲೆ ಆನಿಸಿ ನಿಂತ. ನನಗೆ ಅಳುವಿನ ಜೊತೆ ನಗುವೂ ಬಂತು. ಯಾವಾಗಿನಿಂದಲೋ ಗೊತ್ತಿದ್ದದ್ದನ್ನು ನಾವು ಮುಚ್ಚಿಡುತ್ತಿದ್ದೆವು, ಅವನು ನಮಗಾಗಿ ಗೊತ್ತಿಲ್ಲದವನ ಹಾಗೆ ಇದ್ದ. ಆ ಹೊತ್ತಿನಿಂದ ನಮ್ಮ ನಡುವೆ ಸುಳ್ಳು ಹೇಳುವ ಕೆಲಸವಾದರೂ ತಪ್ಪಿತು. ಅದನ್ನೂ ಶಿವನ ಲೆಕ್ಕಕ್ಕೇ ಹಚ್ಚಿದೆ.

ಮೊದಲ ಇಂಜೆಕ್ಷನ್ ಕೊಡುವ ದಿನ ನಮ್ಮ ಬಾಜು ಬಾಕಿನ ಮೇಲೆ ನವಲಗುಂದದ ಒಬ್ಬರು ಕೂತಿದ್ದರು. ಇಮಾಮಸಾಬ ಅಂತ. ಅಪ್ಪನಿಗಿಂತ ಎರಡು ಮೂರು ವರ್ಷ ಸಣ್ಣವರು. ಜೊತೆಗೆ ಅವರ ಹೆಂಡತಿ ಮಾಬೂಬಿ ಬಂದಿದ್ದಳು, ಆಕೆ ಮನೆಯಲ್ಲಿ ಜಮಖಾನೆ ನೇಯುತ್ತಾಳಂತೆ. ಅವರಿಗೂ ಅದೇ ರೋಗ, ಅದೇ ನಳಿಗೆ, ಅದೇ ಚೀಲ. ಆದರೆ ಅವರು ಚೀಲ ಮುಚ್ಚಿಟ್ಟಿರಲಿಲ್ಲ. ಜಮಖಾನೆಯ ದಪ್ಪ ನೂಲಿನಿಂದ ಹೆಂಡತಿ ಹೆಣೆದುಕೊಟ್ಟ ಕೆಂಪು ಹಸಿರು ಜಾಳಿಗೆಯಲ್ಲಿ ಹಾಕಿ, ಹೆಗಲಿನಿಂದ ಮೊಣಕಾಲವರೆಗೆ ಇಳಿಬಿಟ್ಟುಕೊಂಡಿದ್ದರು.

"ಎಷ್ಟ ದಿನ ಆತ್ರಿ ಗೌಡ್ರ, ಈ ಹೊಸಾ ಬೀಗರು ಬಂದು?" ಅಂತ ಅಪ್ಪನ ಕ್ಯಾರಿಬ್ಯಾಗ್ ಕಡೆ ಕಣ್ಣು ಮಾಡಿ ಕೇಳಿದರು.

ಅಪ್ಪನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಕೆಂಪಗಾಯಿತು. "ಒಂದೂವರಿ ತಿಂಗಳ."

"ನಮ್ಮಲ್ಲೆ ಮೂರಾತು. ಹೋಗ ಅಂದ್ರ ಹೋಗವಲ್ರು."

ಅಪ್ಪ ನಕ್ಕ. ಎಷ್ಟೋ ದಿನದ ಮೇಲೆ ಹಲ್ಲು ಕಾಣುವ ಹಾಗೆ ನಕ್ಕ. ನಾನೂ ಮಾಬೂಬಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಕೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು.

ಮಧ್ಯಾಹ್ನ ನಮ್ಮ ಪಾಳಿ ಇನ್ನೂ ಬಂದಿರಲಿಲ್ಲ. ಇಮಾಮಸಾಬ ಎದ್ದು ನಲ್ಲಿಯ ಹತ್ತಿರ ಹೋಗಿ ಕೈ, ಬಾಯಿ, ಮುಖ, ಮೊಣಕೈ, ಕಾಲು ತೊಳೆದು ಬಂದರು. ಮೂಲೆಯ ಕುರ್ಚಿ ತಿರುಗಿಸಿಕೊಂಡು ಕೂತರು. ಜಾಳಿಗೆಯನ್ನು ಕುರ್ಚಿಯ ಕಾಲಿಗೆ ತೂಗುಹಾಕಿದರು. ಕಣ್ಣು ಕೆಳಗೆ ಮಾಡಿ ಕೂತಲ್ಲೇ ಬಗ್ಗಿ, ಎದ್ದು, ನಮಾಜು ಮುಗಿಸಿದರು. ಮಂದಿ ಓಡಾಡುತ್ತಿದ್ದರು, ಹೆಸರು ಕೂಗುತ್ತಿದ್ದರು, ಅವರಿಗೆ ಏನೂ ಕೇಳಿಸಿದಂತೆ ಕಾಣಲಿಲ್ಲ. ನಳಿಗೆಯಲ್ಲಿ ಹನಿ ಇಳಿಯುತ್ತಿದ್ದುದು ನಮಗೆ ಕಾಣುತ್ತಿತ್ತು. ಅಪ್ಪ ಕಣ್ಣು ಕೀಳದೆ ನೋಡಿದ.

ಅವರು ತಿರುಗಿ ಬಂದು ಕೂತಾಗ ಅಪ್ಪ ಅಗದಿ ಸಣ್ಣ ದನಿಯಲ್ಲಿ ಕೇಳಿದ. "ಸಾಬರ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮಲ್ಲಿ ಇದಕ್ಕ ನಡೀತೈತೇನ್ರಿ? ಇದ ಹನಿಕೋತ ಇರತೈತಿ. ಮೈಲಿಗಿ ಅನ್ನೂದಿಲ್ಲೇನ?"

"ಮೊದಲ ನಾನೂ ಹದಿನೈದು ದಿನ ಬಿಟ್ಟಿದ್ನಿರಿ ಗೌಡ್ರ" ಅಂದರು ಇಮಾಮಸಾಬ. "ನಮಾಜ್ ಇಲ್ಲ, ಏನಿಲ್ಲ. ದನ ಕುಂತಂಗ ಕುಂತಿದ್ನಿ. ಮಸೂತಿ ಹಜರತ್ರು ಬಂದು ಹೇಳಿದ್ರು. ತಡಿಯಾಕ ಆಗಲಾರದ ರೋಗ ಇದ್ದಾಂವಗ ಮಾಫಿ ಐತಿ. ಪ್ರತಿ ನಮಾಜಿಗೆ ಒಮ್ಮೆ ಕೈಕಾಲ ತೊಳಕೊ. ಆಮ್ಯಾಲ ಬಿದ್ದ ಹನಿ ನಿಂದಲ್ಲ, ಅಂದ್ರು."

"ನಿಂದಲ್ಲ ಅಂದ್ರ?"

"ಬ್ಯಾನಿ ಕೊಟ್ಟಾಂವಂದು. ಅಂವಗ ಗೊತ್ತಿಲ್ಲೇನ್ರಿ, ನನ್ನ ಮೈಯಾಗ ನಳಿಗಿ ಐತಿ ಅಂತ? ಅಂವಗ ಗೊತ್ತಿರೂದನ್ನ ಅಂವನ ಮುಂದ ಮುಚ್ಚಿ ಏನ ಮಾಡಲಿ?"

ಇಂಜೆಕ್ಷನ್ ಆಯಿತು, ರೈಲು ಹತ್ತಿದೆವು. ನನ್ನ ಕೊರಳಲ್ಲಿ ಕರಡಿಗೆಗಳು ರೈಲಿನ ಕುಲುಕಿಗೆ ಸದ್ದು ಮಾಡುತ್ತಿದ್ದವು. ಈ ಸಲ ಅಪ್ಪ ಮುಖ ತಿರುಗಿಸಲಿಲ್ಲ.

ಮರುದಿನ ಮುಂಜಾನೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಅಪ್ಪ ಜಳಕ ಮಾಡಿ, ಒದ್ದೆ ಮೈಯಲ್ಲೇ ಬಂದು ಬಾಗಿಲಲ್ಲಿ ನಿಂತ. ಒಂದು ಕೈಯಲ್ಲಿ ಚೀಲ. ಇನ್ನೊಂದು ಕೈ ಚಾಚಿದ.

ದಾರದ ಗಂಟು ಬಿಚ್ಚಲು ನನ್ನ ಕೈಲಿ ಆಗಲೇ ಇಲ್ಲ. ಎಷ್ಟು ದಿನದ ಗಂಟು ಅದು, ನೀರು ಹತ್ತಿ ಬಿಗಿದುಬಿಟ್ಟಿತ್ತು. ಅಪ್ಪ ಚೀಲ ಕೆಳಗಿಟ್ಟು ತಾನೇ ಉಗುರಿನಿಂದ ಬಿಡಿಸಿದ. ದೇವರಮನೆಯಲ್ಲಿ ಮಣೆ ಹಾಕಿಕೊಟ್ಟೆ. ಚೀಲ ತೂಗಲು ಗೋಡೆಯಲ್ಲಿ ಗೂಟ ಇತ್ತು, ಅದು ಎತ್ತರ. ಚೀಲ ಕೆಳಗಿರಬೇಕು ಅಂತ ನರ್ಸು ಹೇಳಿದ್ದಳು. ಅತ್ತಿ ತಮ್ಮ ಸಣ್ಣ ಸ್ಟೂಲು ತಂದು ಬಾಜು ಇಟ್ಟು, ಅದರ ಕಾಲಿಗೆ ಚೀಲ ಕಟ್ಟಿದರು. "ಕುಂದ್ರ್ರಿ ಬೀಗರ" ಅಂದರು, ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು.

ಬಾಗಿಲು ತೆರೆದೇ ಇತ್ತು. ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು. ಎಲುಬು ಎಣಿಸಬಹುದಿತ್ತು. ಎಡಗೈ ಎದೆಯ ಮುಂದೆ ಹಿಡಿದು, ಬಲಗೈಯಿಂದ ನೀರು ಬಿಡುತ್ತಿದ್ದ. ಭುಜ ಅಲ್ಲಾಡುತ್ತಿತ್ತು. ಮಂತ್ರಕ್ಕೋ ಅಳುವಿಗೋ, ನನಗೆ ತಿಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, "ತಂಗಿ, ರೊಟ್ಟಿ ಆಗ್ಯಾವೇನ?" ಅಂದ. ಎರಡು ರೊಟ್ಟಿ ಉಂಡ, ಬದನೆಕಾಯಿ ಪಲ್ಯ ಮತ್ತೊಮ್ಮೆ ಹಾಕಿಸಿಕೊಂಡ. ನಾನು ಒಲೆಯ ಕಡೆ ಮುಖ ಮಾಡಿಕೊಂಡೇ ಬಡಿಸಿದೆ. ಅಷ್ಟು ದಿನದ ಮೇಲೆ ನನ್ನ ಕೊರಳು ಹಗುರವಾಗಿತ್ತು. ಹಗುರವಾದದ್ದಕ್ಕೂ ಒಂದು ನೋವಿತ್ತು, ಅದನ್ನು ಬರೆಯಲು ನನಗೆ ಬಾರದು.

ಇಂಜೆಕ್ಷನ್ ಹಿಡಿಯಿತು. ಮೂರನೇ ತಿಂಗಳಿಗೆ ನಳಿಗೆ ತೆಗೆದರು. ಅಪ್ಪನಿಗೆ ಮಾತ್ರ ಇಂಜೆಕ್ಷನ್ನಿನಿಂದಲೇ ಹೊಸದೊಂದು ಕಾಟ ಶುರುವಾಯಿತು. ಕೂತಲ್ಲೇ ಮೈಯೆಲ್ಲ ಝಳ ಹೊಡೆದು ಬೆವರುವುದು, ಮರುಗಳಿಗೆಗೆ ಥಂಡಿ. "ಒಳಗ ಬೆಂಕಿ ಹಚ್ಚಿದಂಗ ಆಗತೈತಿ" ಅಂದ. ಅತ್ತಿ ಬೀಸಣಿಕೆ ಕೈಗೆ ಕೊಟ್ಟು, "ಇದು ನಮಗ ನಲವತ್ತೈದಕ್ಕ ಬರೂದ್ರಿ ಬೀಗರ. ಹೆಂಗಸರ ಬಾಳೇವು ಏನಂತ ಈಗ ತಿಳೀತಲ್ಲ?" ಅಂದರು. ಅಪ್ಪ ನಾಚಿ ಬೀಸಣಿಕೆಯ ಹಿಂದೆ ಮುಖ ಮುಚ್ಚಿಕೊಂಡ. ಆಮೇಲೆ ಗಂಭೀರವಾಗಿ, "ನಿಮ್ಮವ್ವನೂ ಹಿಂಗ ಅಂತಿದ್ಲು ತಂಗಿ. ಸೆಖಿ ಅಂತಿದ್ಲು. ನಾ ಕಿವಿಗೆ ಹಾಕ್ಕೊಳ್ಳಲಿಲ್ಲ" ಅಂದ. ಆ ದಿನ ಪೂರ್ತಿ ಅದೇ ಯೋಚನೆಯಲ್ಲಿದ್ದ.

ಮೂರನೇ ಇಂಜೆಕ್ಷನ್‌ಗೆ ಹೋದಾಗ ಇಮಾಮಸಾಬ ಬಂದಿರಲಿಲ್ಲ. ಹಿಂದಿನ ಸಲ ಇಬ್ಬರೂ ಕೂಡಿ ಒಂದೇ ತಾರೀಖು ತೆಗೆದುಕೊಂಡಿದ್ದರು. ಅಪ್ಪ ಬಾಕಿನ ಮೇಲೆ ತನ್ನ ಬಾಜು ಟವೆಲ್ ಹಾಸಿ ಜಾಗ ಹಿಡಿದಿಟ್ಟಿದ್ದ. ಮಧ್ಯಾಹ್ನದವರೆಗೆ ಕಾದ. ಯಾರಾದರೂ ಕೂಡಲು ಬಂದರೆ, "ಮಂದಿ ಬರಾವ್ರ ಅದಾರ್ರಿ" ಅನ್ನುತ್ತಿದ್ದ. ನನ್ನ ಫೋನಿನಲ್ಲಿ ಮಾಬೂಬಿಯ ನಂಬರ್ ಇತ್ತು. ವರಾಂಡಕ್ಕೆ ಹೋಗಿ ಮಾಡಿದೆ. "ನಲವತ್ತ ದಿನದ ಕಾರ್ಯಾನೂ ಮುಗೀತ್ರಿ ಅಕ್ಕಾರ. ಗೌಡ್ರ ಹೆಂಗ ಅದಾರ? ಅವರ ಸುದ್ದಿ ಕೇಳತಿದ್ರು" ಅಂದಳು.

ಅಪ್ಪನಿಗೆ ಹೇಳಿದೆ. ಬೋರ್ಡ್ ಓದುವವನ ಮುಂದೆ ಇನ್ನೇನು ಮುಚ್ಚುವುದು. ಅವನು ಟವೆಲ್ ಎತ್ತಿ, ಜಾಡಿಸಿ, ಮಡಚಿ, ಹೆಗಲಿಗೆ ಹಾಕಿಕೊಂಡ. ಖಾಲಿಯಾದ ಜಾಗಕ್ಕೆ ಯಾರೋ ಬಂದು ಕೂತರು. ಮರುದಿನ ಪೂಜೆಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದ.

ಆಮೇಲೆ ಅಪ್ಪ ಯರಗುಪ್ಪಿಗೆ ಮರಳಿದ. ಮೊನ್ನೆ ಮತ್ತೆ ಮೆಣಸಿನಕಾಯಿ ಬಂತು. ಈ ಸಲ ಅಪ್ಪ ತಾನೇ ಬಂದಿದ್ದ. ಗೋಣಿ ಬಸು ಹೊತ್ತ. ಅಪ್ಪನಿಗೆ ಸೊಂಟ ನೋವು, ಕೋಲು ಬಂದಿದೆ, ಕಟ್ಟೆ ಹತ್ತಲು ನನ್ನ ಭುಜ ಹಿಡಿದ. ಬಂದವನು ಮೊದಲು ನೀರು ಕೇಳಿದ. ಒಂದು ತಂಬಿಗೆ ಪೂರ್ತಿ ಕುಡಿದ. ಅಪ್ಪ ನಮ್ಮ ಮನೆಯಲ್ಲಿ ನೀರು ಕುಡಿಯುವುದನ್ನು ನಿಂತು ನೋಡಿದೆ. ಎರಡು ದಿನ ಇದ್ದ. ಹಿತ್ತಲಿಗೆ ಎಷ್ಟು ಸಲ ಹೋದನೋ, ಎಣಿಸಿದವರಿಲ್ಲ. ಅತ್ತಿಯ ಮಂಚ ಇನ್ನೂ ಒಳಗಿನ ಕೋಣೆಯಲ್ಲೇ ಇದೆ. ಅಲ್ಲಿ ಗಾಳಿ ಬಾಳ ಅಂತೆ.

ಹೊರಡುವ ದಿನ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಇಡುವ ಮೊದಲು ನನ್ನನ್ನು ಕರೆದ. ಎಡಗೈ ಮುಂದೆ ಮಾಡಿದ. ಅಂಗೈಯಲ್ಲಿ ಲಿಂಗ, ಅದರ ಮೇಲೆ ಒಂದು ಪತ್ರಿ.

"ತಂಗಿ, ಮುಂದಿನ ಸ್ಕ್ಯಾನಿಗೆ ಅರಿವ್ಯಾಗ ಕಟ್ಟ. ನಿನ್ನ ಕೈಯಾಗ ಕೊಡೂದಿಲ್ಲ."

"ಆತ ಯಪ್ಪಾ."

"ಕಡೀಕೂ ಹಿಂಗ ಇರಲಿ. ಇದ ಕೈಯಾಗ. ಬಸ್ಯಾ ಅಳಕೋತ ಎಲ್ಲಾ ಮರೀತಾನ. ನೀ ನೆನಪ ಇಡು."

ನಮ್ಮಲ್ಲಿ ಸತ್ತವರನ್ನು ಮಣ್ಣಿಗೆ ಇಡುವಾಗ ಅವರ ಲಿಂಗವನ್ನು ಎಡಗೈಯಲ್ಲಿ ಇಟ್ಟು ಕಳಿಸುತ್ತೇವೆ. ನಾನು ಹೂಂ ಅಂದೆ. ಅಪ್ಪ ಪತ್ರಿ ತೆಗೆದು ನನ್ನ ಕೈಗೆ ಕೊಟ್ಟು, ಲಿಂಗ ಒಳಗಿಟ್ಟು, ಕರಡಿಗೆ ಮುಚ್ಚಿ, ಅಂಗಿಯ ಗುಂಡಿ ಹಾಕಿಕೊಂಡ.

ಬಸ್ಸಿನವರೆಗೆ ಹೋಗಿ ಹತ್ತಿಸಿ ಬಂದೆ. ಮನೆಗೆ ಬರುವಷ್ಟರಲ್ಲಿ ಅತ್ತಿ ಗೋಣಿ ಬಿಚ್ಚಿ ಪಡಸಾಲೆಯಲ್ಲಿ ಚಾಪೆಯ ಮೇಲೆ ಸುರುವಿದ್ದರು. ಪಡಸಾಲೆ ತುಂಬ ಕೆಂಪು. ಬಟ್ಟಲಲ್ಲಿ ಎಣ್ಣೆ ಹಾಕಿ ನಾನು ಕೂಡುವ ಜಾಗದ ಮುಂದೆ ಇಟ್ಟಿದ್ದರು. ಎರಡೂ ಕೈಗೆ ಮೊಣಕೈವರೆಗೆ ಎಣ್ಣೆ ಸವರಿಕೊಂಡೆ. ಕೂತು, ಮೊದಲನೇ ಕಾಯಿಯ ತೊಟ್ಟು ಮುರಿದೆ.